ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನ ಏಳು ಸಿನಿಮಾ

1958ರಲ್ಲಿ ಎರಡು ಸಂಗತಿ ನಡೆದವು. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ ನಡೆದ ವಿಶ್ವಮೇಳದ ಸಂದರ್ಭದಲ್ಲಿ ಬೇರೆ ಬೇರೆ ದೇಶಗಳ ಸಿನಿಮಾ ವಿಮರ್ಶಕರು, ಇತಿಹಾಸಕಾರರು ಮತ ಹಾಕಿ, ಅಲ್ಲಿಯವರೆಗೆ ಬಂದ ಸಿನಿಮಾಗಳಲ್ಲೆಲ್ಲ ಯಾವುದು ಶ್ರೇಷ್ಠ ಅಂತ ಆರಿಸಿದರು. ಮೊದಲ ಸ್ಥಾನ ಸಿಕ್ಕಿದ್ದು 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ಎಂಬ 1925ರ ಮೂಕಿ ಚಿತ್ರಕ್ಕೆ. ಅದೇ ವರ್ಷ ಸೋವಿಯತ್ ರಷ್ಯಾದಲ್ಲಿ ಇನ್ನೊಂದು ಸಿನಿಮಾ ಮೊದಲ ಬಾರಿಗೆ ತೆರೆ ಕಂಡಿತು, 'ಇವಾನ್ ದ ಟೆರಿಬಲ್' ಎರಡನೇ ಭಾಗ. ಅದು ಹನ್ನೆರಡು ವರ್ಷ ನಿಷೇಧದಲ್ಲಿ ಬಿದ್ದಿತ್ತು. ಎರಡನ್ನೂ ಮಾಡಿದವನು ಒಬ್ಬನೇ, ಸೆರ್ಗೈ ಐಸೆನ್‌ಸ್ಟೈನ್. ಆದರೆ ಈ ಎರಡು ಸುದ್ದಿ ಕೇಳೋಕೆ ಆತ ಇರಲಿಲ್ಲ. ಸತ್ತು ಹತ್ತು ವರ್ಷ ಆಗಿತ್ತು.

ಯಾವ ಡೈರೆಕ್ಟರ್‌ನ ಬೆಸ್ಟ್ ಸಿನಿಮಾ ಯಾವುದು ಅಂತ ಪಟ್ಟಿ ಮಾಡೋದು, ಅದಕ್ಕಾಗಿ ಜಗಳ ಆಡೋದು ನಮಗೆ ಹೊಸದಲ್ಲ. ಆದರೆ ಐಸೆನ್‌ಸ್ಟೈನ್ ವಿಷಯದಲ್ಲಿ ಪಟ್ಟಿ ಮಾಡೋದು ಸ್ವಲ್ಪ ಕಷ್ಟ. ಆತ ಪೂರ್ತಿ ಮುಗಿಸಿದ ದೊಡ್ಡ ಸಿನಿಮಾ ಬರೀ ಏಳು. ಇನ್ನೆರಡನ್ನು ಮುಗಿಸೋಕೆ ಬಿಡಲಿಲ್ಲ. ಹೊರದೇಶದವರು ಆತನನ್ನು ಕಮ್ಯುನಿಸ್ಟ್ ಪ್ರಚಾರಕ ಅಂದರು. ತನ್ನ ದೇಶದವರೇ, ಜನರಿಗೆ ಅರ್ಥ ಆಗದ ಕಸರತ್ತು ಮಾಡ್ತಾನೆ ಅಂದರು. ಒಂದೇ ಸಿನಿಮಾ ಒಂದು ವರ್ಷ ಪ್ರಶಸ್ತಿಗೆ ಯೋಗ್ಯ, ಮರುವರ್ಷ ಡಬ್ಬಕ್ಕೆ ಯೋಗ್ಯ ಆಗ್ತಿತ್ತು. ಹಾಗಾಗಿ ನಾನು ಅಳೆಯೋಕೆ ಎರಡು ಅಳತೆಗೋಲು ಇಟ್ಟುಕೊಂಡಿದ್ದೇನೆ. ಒಂದು, ಸಿನಿಮಾ ಕಟ್ಟಿರುವ ರೀತಿ. ಇನ್ನೊಂದು, ಅಧಿಕಾರದಲ್ಲಿದ್ದವನು ಕೇಳಬೇಕೆಂದಿದ್ದನ್ನಷ್ಟೇ ಆ ಸಿನಿಮಾ ಹೇಳಿತಾ, ಅದಕ್ಕಿಂತ ಹೆಚ್ಚು ಏನಾದರೂ ಹೇಳಿತಾ ಅನ್ನೋದು. ಎರಡನೇ ಅಳತೆ ಯಾಕೆ ಬೇಕು ಅನ್ನೋದು ಆತನ ಬದುಕು ನೋಡಿದರೆ ಗೊತ್ತಾಗುತ್ತೆ.

ಇಂಜಿನಿಯರ್ ಮಗ

ಐಸೆನ್‌ಸ್ಟೈನ್ ಹುಟ್ಟಿದ್ದು 1898ರ ಜನವರಿ 22ರಂದು, ರೀಗಾ ಪಟ್ಟಣದಲ್ಲಿ. ಇವತ್ತು ಅದು ಲಾಟ್ವಿಯಾದ ರಾಜಧಾನಿ, ಆಗ ರಷ್ಯಾ ಸಾಮ್ರಾಜ್ಯದ ಊರು. ಅಪ್ಪ ಮಿಖಾಯಿಲ್ ಸಿವಿಲ್ ಇಂಜಿನಿಯರ್, ಆರ್ಕಿಟೆಕ್ಟ್ ಕೂಡ. ರೀಗಾದ ಆಲ್ಬರ್ಟ್ ಬೀದಿಯಲ್ಲಿ ಆತ ವಿನ್ಯಾಸ ಮಾಡಿದ ಮನೆಗಳು ಇವತ್ತಿಗೂ ಇವೆ. ಗೋಡೆ ತುಂಬ ಹೆಂಗಸರ ಮುಖ, ಸಿಂಹ, ಬಳ್ಳಿ, ಮುಖವಾಡ. ಪ್ರವಾಸಿಗರು ಕತ್ತೆತ್ತಿ ಫೋಟೋ ತೆಗೀತಾರೆ. ಮಗನಿಗೆ ಮಾತ್ರ ಆ ಅಲಂಕಾರ ಕಂಡರೆ ಆಗ್ತಿರಲಿಲ್ಲ. ಅಪ್ಪನ ಗತ್ತು, ಶಿಸ್ತು ಕೂಡ.

ಅಪ್ಪ ಅಮ್ಮ ಜಗಳವಾಡಿ ಬೇರೆಯಾದರು. ಅಮ್ಮ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಳು, ಹುಡುಗ ಅಪ್ಪನ ಜೊತೆ ಉಳಿದ. ಮುಂದೇನು ಓದಬೇಕು ಅನ್ನೋದರಲ್ಲಿ ಚರ್ಚೆಯೇ ಇರಲಿಲ್ಲ. ಇದು ನಮ್ಮಲ್ಲಿ ಎಷ್ಟು ಮನೆಗಳ ಕಥೆ ಅಂತ ಬೇರೆ ಹೇಳಬೇಕಿಲ್ಲ. 1915ರಲ್ಲಿ ಪೆಟ್ರೋಗ್ರಾಡ್‌ನ ಸಿವಿಲ್ ಇಂಜಿನಿಯರಿಂಗ್ ಸಂಸ್ಥೆಗೆ ಸೇರಿದ. ಅಪ್ಪ ಓದಿದ್ದೂ ಅಲ್ಲೇ. ಗಣಿತ, ಡ್ರಾಯಿಂಗ್ ಚೆನ್ನಾಗಿ ಬರ್ತಿತ್ತು. ಆದರೆ ನೋಟ್ಸ್ ಪುಸ್ತಕದ ಅಂಚಿನ ತುಂಬ ವ್ಯಂಗ್ಯಚಿತ್ರ, ನಾಟಕದ ವೇಷಗಳ ಸ್ಕೆಚ್ಚು.

1917ರಲ್ಲಿ ಕ್ರಾಂತಿ ಆಯಿತು. 1918ರಲ್ಲಿ ಆತ ಓದು ಬಿಟ್ಟು ಕೆಂಪು ಸೇನೆ ಸೇರಿದ. ಅಂತರ್ಯುದ್ಧದಲ್ಲಿ ಅಪ್ಪ ನಿಂತಿದ್ದು ಎದುರು ಬಣದಲ್ಲಿ. ಅಪ್ಪ ಕೊನೆಗೆ ಜರ್ಮನಿಗೆ ಓಡಿಹೋಗಿ 1920ರಲ್ಲಿ ಬರ್ಲಿನ್‌ನಲ್ಲಿ ತೀರಿಕೊಂಡ. ಒಂದೇ ಮನೆಯ ಅಪ್ಪ ಮಗ ಎರಡು ಸೇನೆಗಳ ಪಾಲಾದರು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತೆ.

ಸೇನೆಯಲ್ಲಿ ಆತನ ಕೆಲಸ ರಕ್ಷಣಾ ಕಾಮಗಾರಿ. ನೆವಾ ನದಿಗೆ ಪಾಂಟೂನ್ ಸೇತುವೆ ಹಾಕೋದನ್ನು ಆತ ಮುಂದೆ ತನ್ನ ನೆನಪುಗಳಲ್ಲಿ ವರ್ಣಿಸಿದ್ದಾನೆ. ನೂರಾರು ಜನ, ಪ್ರತಿಯೊಬ್ಬನಿಗೂ ಒಂದೊಂದು ಕೆಲಸ, ಸೆಕೆಂಡ್ ಲೆಕ್ಕದಲ್ಲಿ ಓಡಾಟ. ಒಬ್ಬ ತಂದ ಹಲಗೆ ಇನ್ನೊಬ್ಬ ತಂದ ತೊಲೆಗೆ ಕೂಡಿಕೊಳ್ಳುತ್ತಾ ನೋಡನೋಡುತ್ತಾ ಸೇತುವೆ ನದಿ ದಾಟುತ್ತೆ. ಬಿಡಿ ಬಿಡಿ ಚಲನೆಗಳು ಒಂದು ಲಯಕ್ಕೆ ಬಂದು ದೊಡ್ಡದೊಂದು ಆಕಾರ ಆಗೋದು ಆತನ ತಲೆಯಲ್ಲಿ ಕೂತುಬಿಟ್ಟಿತು. ಆತನ ಸಿನಿಮಾ ನೋಡಿದವರಿಗೆ ಇದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ಗೊತ್ತಾಗುತ್ತೆ.

ಕಣ್ಣು + ನೀರು = ಅಳು

1920ರಲ್ಲಿ ಮಾಸ್ಕೋಗೆ ಬಂದ. ಬಂದಿದ್ದು ಸೇನೆಯ ಅಕಾಡೆಮಿಯಲ್ಲಿ ಜಪಾನಿ ಭಾಷೆ ಕಲಿಯೋಕೆ. ಭಾಷೆ ಪೂರ್ತಿ ಕಲಿಯದೆ ನಾಟಕದ ಕಡೆ ಜಾರಿದ. ಆದರೆ ಜಪಾನಿ ಲಿಪಿಯಲ್ಲಿ ಕಂಡ ಒಂದು ವಿಷಯ ಆತನನ್ನು ಬಿಡಲಿಲ್ಲ. ಅಲ್ಲಿ ಕಣ್ಣಿನ ಚಿತ್ರದ ಪಕ್ಕ ನೀರಿನ ಚಿತ್ರ ಇಟ್ಟರೆ ಅಳು ಅಂತ ಅರ್ಥ. ಬಾಗಿಲ ಪಕ್ಕ ಕಿವಿ ಇಟ್ಟರೆ ಕೇಳು. ಬಾಯಿಯ ಪಕ್ಕ ಹಕ್ಕಿ ಇಟ್ಟರೆ ಹಾಡು. ಕಣ್ಣು, ನೀರು ಎರಡೂ ಕಣ್ಣಿಗೆ ಕಾಣೋ ವಸ್ತುಗಳು. ಅಳು ಅನ್ನೋದು ಎರಡರಲ್ಲೂ ಇಲ್ಲ. ಎರಡು ಜೊತೆ ಸೇರಿದಾಗ ನೋಡುವವನ ತಲೆಯಲ್ಲಿ ಹುಟ್ಟುತ್ತೆ.

ಐಸೆನ್‌ಸ್ಟೈನ್‌ನ ಮಾಂಟಾಜ್ ಸಿದ್ಧಾಂತ ಅಂತ ಸಿನಿಮಾ ಪುಸ್ತಕಗಳಲ್ಲಿ ಬರೋದರ ತಿರುಳು ಇಷ್ಟೇ. ಒಂದು ಶಾಟ್‌ಗೆ ಇನ್ನೊಂದು ಶಾಟ್ ಡಿಕ್ಕಿ ಹೊಡೆದರೆ ಎರಡರಲ್ಲೂ ಇಲ್ಲದ ಮೂರನೇ ಅರ್ಥ ಬರಬೇಕು. ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ ಶಾಟ್ ಜೋಡಿಸಿದರೆ ಸಾಲದು ಅಂತ ಆತನ ವಾದ. ಇಂಜಿನ್ ಸಿಲಿಂಡರ್ ಒಳಗೆ ಒಂದರ ಹಿಂದೊಂದು ಸ್ಫೋಟ ಆಗಿ ಗಾಡಿ ಮುಂದೆ ಹೋಗುತ್ತಲ್ಲ, ಹಾಗೆ.

ಮಾಸ್ಕೋದಲ್ಲಿ ಆತನಿಗೆ ಸಿಕ್ಕ ಗುರು ಮೆಯರ್‌ಹೋಲ್ಡ್, ರಂಗಭೂಮಿಯನ್ನೇ ತಲೆಕೆಳಗು ಮಾಡಿದ ನಿರ್ದೇಶಕ. ಹಡೆದ ಅಪ್ಪ ಕೊಡದ್ದನ್ನು ಈ ಅಪ್ಪ ಕೊಟ್ಟ. 1924ರಲ್ಲಿ ಐಸೆನ್‌ಸ್ಟೈನ್ 'ಗ್ಯಾಸ್ ಮಾಸ್ಕ್ಸ್' ಅನ್ನೋ ನಾಟಕವನ್ನು ಮಾಸ್ಕೋದ ನಿಜವಾದ ಗ್ಯಾಸ್ ಕಾರ್ಖಾನೆಯೊಳಗೇ ಆಡಿಸಿದ. ನಾಟಕ ಸೋತಿತು. ನಿಜವಾದ ಯಂತ್ರಗಳ ಮುಂದೆ ನಟರ ನಟನೆ ಸಪ್ಪೆ ಅನಿಸಿತು. ಅಲ್ಲಿಗೆ ನಾಟಕ ಬಿಟ್ಟು ಸಿನಿಮಾ ಹಿಡಿದ.

ಸ್ಟ್ರೈಕ್ (1925): ನನ್ನ ಪಟ್ಟಿಯಲ್ಲಿ 3

ಮೊದಲ ಸಿನಿಮಾ. ಕ್ರಾಂತಿಗೂ ಹಿಂದಿನ ಕಾಲದ ರಷ್ಯಾದ ಒಂದು ಕಾರ್ಖಾನೆ. ಒಂದು ಮೈಕ್ರೋಮೀಟರ್ ಕಳುವಾಗುತ್ತೆ. ಹೌದು, ನಾವು ಲ್ಯಾಬಲ್ಲಿ ಹಿಡಿಯೋ ಅದೇ ಮೈಕ್ರೋಮೀಟರ್. ಕಳ್ಳತನದ ಆರೋಪ ಹೊತ್ತ ಕಾರ್ಮಿಕ ಕಾರ್ಖಾನೆಯಲ್ಲೇ ನೇಣು ಹಾಕಿಕೊಳ್ಳುತ್ತಾನೆ. ಮುಷ್ಕರ ಶುರುವಾಗುತ್ತೆ. ಕೊನೆಗೆ ಸೈನಿಕರು ಬಂದು ಕಾರ್ಮಿಕರನ್ನು ಕೊಲ್ಲುತ್ತಾರೆ. ಆ ದೃಶ್ಯದ ಮಧ್ಯೆ ಮಧ್ಯೆ ಕಸಾಯಿಖಾನೆಯಲ್ಲಿ ಹೋರಿ ಕಡಿಯೋ ಶಾಟ್‌ಗಳು ಬರುತ್ತವೆ. ಜನರನ್ನು ದನದ ಹಾಗೆ ಕಡಿದರು ಅನ್ನೋ ಅರ್ಥ ಯಾರ ಬಾಯಲ್ಲೂ ಬರಲ್ಲ, ನಮ್ಮ ತಲೆಯಲ್ಲಿ ಹುಟ್ಟುತ್ತೆ.

ಹೀರೋ ಇಲ್ಲ, ಜನಸಮೂಹವೇ ಪಾತ್ರ. ಸರ್ಕಸ್‌ನ ಗಲಾಟೆ, ಯಂತ್ರಗಳ ಲಯ, ತಮಾಷೆಯ ಗೂಢಚಾರರು, ಎಲ್ಲ ಒಟ್ಟಿಗೆ ಇದೆ. ಇಪ್ಪತ್ತಾರರ ಹುಡುಗ ತನಗೆ ಗೊತ್ತಿರೋದನ್ನೆಲ್ಲ ಒಂದೇ ಸಲ ತೋರಿಸಿಬಿಡೋ ಹುಮ್ಮಸ್ಸು. ಅದೇ ಇದರ ಚೆಂದ.

ಬ್ಯಾಟಲ್‌ಶಿಪ್ ಪೊಟೆಮ್ಕಿನ್ (1925): 2

1905ರ ವಿಫಲ ಕ್ರಾಂತಿಗೆ ಇಪ್ಪತ್ತು ವರ್ಷ ತುಂಬೋ ಹೊತ್ತಿಗೆ ಸರ್ಕಾರ ಒಂದು ಸಿನಿಮಾ ಬೇಕು ಅಂತು. ಮೂಲ ಚಿತ್ರಕಥೆ ಇಡೀ ವರ್ಷದ ಘಟನೆಗಳದ್ದು, ಅದರಲ್ಲಿ ಪೊಟೆಮ್ಕಿನ್ ಯುದ್ಧನೌಕೆಯ ದಂಗೆ ಒಂದು ಸಣ್ಣ ಭಾಗ. ಲೆನಿನ್‌ಗ್ರಾಡ್‌ನಲ್ಲಿ ಮೋಡ ಕವಿದು ಶೂಟಿಂಗ್ ಆಗಲಿಲ್ಲ. ಬಿಸಿಲು ಹುಡುಕಿಕೊಂಡು ತಂಡ ಕಪ್ಪು ಸಮುದ್ರದ ಒಡೆಸ್ಸಾಗೆ ಹೋಯಿತು. ಅಲ್ಲಿ ಬಂದರಿನಿಂದ ಊರಿಗೆ ಹತ್ತುವ ದೊಡ್ಡ ಮೆಟ್ಟಿಲುಸಾಲು ನೋಡಿದ ಮೇಲೆ ಆ ಸಣ್ಣ ಭಾಗವೇ ಇಡೀ ಸಿನಿಮಾ ಆಯಿತು.

ಪೊಟೆಮ್ಕಿನ್ ಹಡಗು ಆಗಲೇ ಇರಲಿಲ್ಲ. 'ಹನ್ನೆರಡು ಅಪೊಸ್ತಲರು' ಎಂಬ ಹಳೇ ಹಡಗಿನ ಬರೀ ಒಡಲು ಸಿಕ್ಕಿತು. ಮೇಲಿನ ಭಾಗವನ್ನು ಮರದಲ್ಲಿ ಕಟ್ಟಿದರು. ಸಮಸ್ಯೆ ಏನೆಂದರೆ, ಆ ಒಡಲನ್ನು ನೌಕಾಪಡೆ ಸಿಡಿಗುಂಡುಗಳ ಉಗ್ರಾಣ ಮಾಡಿಕೊಂಡಿತ್ತು. ದಂಗೆಯ ಓಡಾಟ, ಹೊಡೆದಾಟ ಎಲ್ಲ ಶೂಟ್ ಆಗಿದ್ದು ಅಂಥ ನೆಲದ ಮೇಲೆ.

ಒಡೆಸ್ಸಾ ಮೆಟ್ಟಿಲ ದೃಶ್ಯ ನೀವು ನೋಡಿಲ್ಲ ಅಂದ್ಕೊಂಡ್ರೂ ಅದರ ಮಕ್ಕಳು ಮರಿಗಳನ್ನು ನೋಡಿರ್ತೀರಿ. ಸಾಲಾಗಿ ಕೋವಿ ಹಿಡಿದ ಸೈನಿಕರು ಯಂತ್ರದ ಹಾಗೆ ಕೆಳಗಿಳಿಯುತ್ತಾರೆ. ಜನ ದಿಕ್ಕಾಪಾಲಾಗಿ ಓಡುತ್ತಾರೆ. ತಾಯಿಯೊಬ್ಬಳು ಗುಂಡೇಟಿಗೆ ಬಿದ್ದು, ಮಗು ಮಲಗಿರೋ ಗಾಡಿ ಒಂದೊಂದೇ ಮೆಟ್ಟಿಲು ಎಗರುತ್ತಾ ಇಳಿಯುತ್ತೆ. 1987ರ 'ದಿ ಅನ್‌ಟಚಬಲ್ಸ್' ಸಿನಿಮಾದ ರೈಲ್ವೆ ಸ್ಟೇಷನ್ ದೃಶ್ಯ ನೇರವಾಗಿ ಇದಕ್ಕೆ ಮಾಡಿದ ನಮಸ್ಕಾರ. ಆ ಮೆಟ್ಟಿಲು ಇಳಿಯೋಕೆ ನಿಜವಾಗಿ ಬೇಕಾಗುವುದಕ್ಕಿಂತ ತುಂಬ ಹೆಚ್ಚು ಹೊತ್ತು ತೆರೆ ಮೇಲೆ ಹಿಡಿಯುತ್ತೆ. ಒಂದೇ ಕ್ಷಣವನ್ನು ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ತೋರಿಸಿ ಕಾಲವನ್ನೇ ರಬ್ಬರಿನ ಹಾಗೆ ಎಳೆದಿದ್ದಾನೆ. ಭಯದಲ್ಲಿರೋ ಮನುಷ್ಯನಿಗೆ ಹೊತ್ತು ಹಾಗೇ ಅಲ್ವಾ ಸಾಗೋದು?

ಈಗ ವಿವಾದಕ್ಕೆ ಬರೋಣ. 1905ರಲ್ಲಿ ಒಡೆಸ್ಸಾದಲ್ಲಿ ಸೇನೆ ಜನರ ಮೇಲೆ ಗುಂಡು ಹಾರಿಸಿದ್ದು ನಿಜ. ತುಂಬ ಜನ ಸತ್ತರು. ಆದರೆ ಹಗಲು ಹೊತ್ತು, ಆ ಮೆಟ್ಟಿಲ ಮೇಲೆ, ಸಿನಿಮಾದಲ್ಲಿ ಕಂಡ ರೀತಿ ಕೊಲೆ ನಡೆದಿರಲಿಲ್ಲ. ಅದು ನಿರ್ದೇಶಕ ಕಟ್ಟಿದ್ದು. ಇವತ್ತು ಎಷ್ಟೋ ಜನರಿಗೆ 1905 ಅಂದರೆ ಆ ಮೆಟ್ಟಿಲೇ. ಸಿನಿಮಾ ಕೊನೆಯಲ್ಲಿ ಹಡಗು ವಿಜಯದಿಂದ ಮುಂದೆ ಸಾಗುತ್ತೆ. ನಿಜದಲ್ಲಿ ಅದು ರುಮೇನಿಯಾದ ಬಂದರಿಗೆ ಹೋಗಿ ಶರಣಾಯಿತು.

ಬರ್ಲಿನ್‌ನಲ್ಲಿ ಸಿನಿಮಾ ಭಾರೀ ಯಶಸ್ಸು ಕಂಡಿತು. ಬ್ರಿಟನ್‌ನಲ್ಲಿ 1954ರವರೆಗೆ ನಿಷೇಧ ಇತ್ತು. 1933ರಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಇದನ್ನು ಹೊಗಳಿ, ನಮ್ಮವರು ಇಂಥದ್ದು ಮಾಡಬೇಕು ಅನ್ನೋ ಅರ್ಥದಲ್ಲಿ ಮಾತಾಡಿದ. ಐಸೆನ್‌ಸ್ಟೈನ್ ಮರುವರ್ಷ ಸಿಟ್ಟಿನಿಂದ ಬಹಿರಂಗ ಪತ್ರ ಬರೆದ. ಆದರೆ ಗೋಬೆಲ್ಸ್‌ಗೆ ಕಂಡಿದ್ದೇನೋ ಸುಳ್ಳಲ್ಲ. ಈ ಉಪಕರಣ ಯಾರ ಕೈಗೆ ಸಿಕ್ಕಿದರೂ ಕೆಲಸ ಮಾಡುತ್ತೆ. ಹಾಗಾಗಿಯೇ ಕಟ್ಟಡದ ಲೆಕ್ಕದಲ್ಲಿ ಒಂದನೇ ಸ್ಥಾನಕ್ಕೆ ಅರ್ಹವಾದ ಇದನ್ನು ನಾನು ಎರಡಕ್ಕೆ ಇಳಿಸಿದ್ದೇನೆ.

ನಮ್ಮ ದೇಶಕ್ಕೂ ಒಂದು ಕೊಂಡಿ ಇದೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಲ್ಕತ್ತಾ ಫಿಲ್ಮ್ ಸೊಸೈಟಿ ಕಟ್ಟಿದಾಗ ಮೊದಲು ತೋರಿಸಿದ್ದು ಪೊಟೆಮ್ಕಿನ್ ಚಿತ್ರವನ್ನೇ.

ಅಕ್ಟೋಬರ್ (1928): 6, ಓಲ್ಡ್ ಅಂಡ್ ನ್ಯೂ (1929): 7

ಪೊಟೆಮ್ಕಿನ್ ಗೆದ್ದ ಮೇಲೆ 1917ರ ಕ್ರಾಂತಿಯ ಹತ್ತನೇ ವರ್ಷಕ್ಕೆ 'ಅಕ್ಟೋಬರ್' ಮಾಡೋಕೆ ಕೊಟ್ಟರು. ಸಿನಿಮಾ ಸಿದ್ಧ ಆಗೋ ಹೊತ್ತಿಗೆ ಟ್ರಾಟ್ಸ್ಕಿಯನ್ನು ಪಕ್ಷದಿಂದ ಹೊರಹಾಕಿದ್ದರು. ಕ್ರಾಂತಿಯ ಮುಂಚೂಣಿಯಲ್ಲಿದ್ದವನನ್ನು ಕ್ರಾಂತಿಯ ಸಿನಿಮಾದಿಂದಲೇ ಕತ್ತರಿಸಬೇಕಾಯಿತು. ಐಸೆನ್‌ಸ್ಟೈನ್ ಕತ್ತರಿಸಿದ. ಎಡಿಟಿಂಗ್ ಮೇಜಿನ ಕತ್ತರಿ ಯಾರ ಕೈಯಲ್ಲಿದೆ ಅನ್ನೋದು ಆತನಿಗೆ ಮೊದಲ ಸಲ ಗೊತ್ತಾಗಿದ್ದು ಆಗಲೇ ಇರಬೇಕು.

ಅದರಲ್ಲಿ ಸೇತುವೆ ಎತ್ತುವ ದೃಶ್ಯ ಒಂದಿದೆ. ನದಿ ಮೇಲಿನ ಸೇತುವೆಯ ಎರಡು ತುಂಡು ನಿಧಾನ ಮೇಲೇಳುತ್ತೆ. ಒಂದು ಕಡೆ ಸತ್ತ ಹುಡುಗಿಯ ಕೂದಲು ಸಂದಿಯ ಮೇಲೆ ಜಾರುತ್ತೆ, ಇನ್ನೊಂದು ಕಡೆ ಸತ್ತ ಬಿಳಿ ಕುದುರೆ ಗಾಡಿಗೆ ಸಿಕ್ಕಿಕೊಂಡು ಗಾಳಿಯಲ್ಲಿ ತೂಗುತ್ತೆ. ಸಿವಿಲ್ ಓದಿದವನೇ ತೆಗೆಯಬೇಕಾದ ದೃಶ್ಯ. ಉಳಿದಂತೆ ವಿಗ್ರಹಗಳ ಸಾಲು, ಯಂತ್ರದ ನವಿಲು ಅಂತ ಐಡಿಯಾ ಮೇಲೆ ಐಡಿಯಾ. ಪ್ರೇಕ್ಷಕರಿಗೆ ತಲೆಬುಡ ಗೊತ್ತಾಗಲಿಲ್ಲ. ಚಳಿಗಾಲದ ಅರಮನೆಗೆ ಜನ ನುಗ್ಗೋ ದೃಶ್ಯ ನಿಜ ಘಟನೆಗಿಂತ ಎಷ್ಟೋ ದೊಡ್ಡದಾಗಿದೆ. ಅದರ ಸ್ಟಿಲ್‌ಗಳನ್ನು ಮುಂದೆ ನಿಜವಾದ ಫೋಟೋ ಅಂತಲೇ ಪುಸ್ತಕಗಳಲ್ಲಿ ಹಾಕಿದ್ದೂ ಉಂಟು.

'ಓಲ್ಡ್ ಅಂಡ್ ನ್ಯೂ' ಹಳ್ಳಿ ಸಹಕಾರದ ಕಥೆ. ನಾಯಕಿ ಮಾರ್ಫಾ ಲಾಪ್ಕಿನಾ ನಿಜವಾದ ರೈತ ಹೆಂಗಸು. ಕೆನೆ ತೆಗೆಯುವ ಮೆಷಿನ್ ಮೊದಲ ಸಲ ತಿರುಗೋ ದೃಶ್ಯಕ್ಕೆ ಆತ ಕೊಟ್ಟಿರೋ ಉಸಿರು ಬಿಗಿಹಿಡಿಸೋ ಲಯ ನೋಡಿದರೆ ಮೆಕ್ಯಾನಿಕಲ್‌ನವರು ಖುಷಿಪಡ್ತೀರಿ. ಆದರೆ ಇದು ಕೊನೇ ಸ್ಥಾನಕ್ಕೆ ಬಿದ್ದಿದ್ದಕ್ಕೆ ಕಾರಣ ಇದೆ. ಸ್ಟಾಲಿನ್ ಕರೆದು ಕೊನೆಯ ಭಾಗ ಬದಲಿಸಲು ಹೇಳಿದ, ಬದಲಾಯಿತು. ಸಿನಿಮಾ ಬಂದ ಹೊತ್ತಿಗೇ ರೈತರ ಜಮೀನು ಬಲವಂತದಿಂದ ಕಿತ್ತುಕೊಳ್ಳೋದು ಜೋರಾಯಿತು. 1932-33ರ ಬರಗಾಲದಲ್ಲಿ ಲಕ್ಷಗಟ್ಟಲೆ ರೈತರು ಹಸಿವಿನಿಂದ ಸತ್ತರು. ತೆರೆ ಮೇಲಿನ ಹಾಲಿನ ಹೊಳೆ ನೋಡುವಾಗ ಅದು ನೆನಪಾಗದೆ ಇರಲ್ಲ.

ಮುಗಿಯದ ಎರಡು

1929ರಲ್ಲಿ ಸಹಾಯಕ ಅಲೆಕ್ಸಾಂದ್ರೋವ್, ಕ್ಯಾಮೆರಾಮನ್ ತಿಸ್ಸೆ ಜೊತೆ ಆತ ಯುರೋಪಿಗೆ, ಅಲ್ಲಿಂದ ಹಾಲಿವುಡ್‌ಗೆ ಹೋದ. ಪ್ಯಾರಾಮೌಂಟ್ ಕಂಪನಿ ಕರೆಸಿಕೊಂಡು, ಆತ ಬರೆದ ಚಿತ್ರಕಥೆಗಳನ್ನೆಲ್ಲ ತಿರಸ್ಕರಿಸಿ, 1930ರಲ್ಲೇ ಕೈಬಿಟ್ಟಿತು. ಲೇಖಕ ಅಪ್ಟನ್ ಸಿಂಕ್ಲೇರ್ ಮತ್ತು ಆತನ ಹೆಂಡತಿ ದುಡ್ಡು ಹಾಕಿದರು, ತಂಡ ಮೆಕ್ಸಿಕೋಗೆ ಹೋಯಿತು. ಮೂರ್ನಾಲ್ಕು ತಿಂಗಳ ಕೆಲಸ ವರ್ಷ ದಾಟಿತು. ಹತ್ತಾರು ಗಂಟೆಗಳಷ್ಟು ರೀಲು ತುಂಬಿತು. ಬಜೆಟ್ ಹರಿದುಹೋಯಿತು. ಅತ್ತ ಸ್ಟಾಲಿನ್, ಈತ ದೇಶ ಬಿಟ್ಟು ಓಡಿದವನು ಅನ್ನೋ ಅರ್ಥದ ತಂತಿ ಕಳಿಸಿದ. ಸಿಂಕ್ಲೇರ್ ಶೂಟಿಂಗ್ ನಿಲ್ಲಿಸಿದ. 1932ರಲ್ಲಿ ಐಸೆನ್‌ಸ್ಟೈನ್ ಮಾಸ್ಕೋಗೆ ಮರಳಿದ. ರೀಲುಗಳು ಅಮೆರಿಕದಲ್ಲೇ ಉಳಿದವು. ಎಡಿಟಿಂಗ್ ಅಂದರೇನು ಅಂತ ಜಗತ್ತಿಗೆ ಕಲಿಸಿದವನಿಗೆ ತನ್ನದೇ ಶಾಟ್‌ಗಳನ್ನು ಜೋಡಿಸೋ ಅವಕಾಶ ಸಾಯೋವರೆಗೂ ಸಿಗಲಿಲ್ಲ. ಬೇರೆಯವರು ಅದರಿಂದ ಬೇರೆ ಬೇರೆ ಸಿನಿಮಾ ಮಾಡಿಕೊಂಡರು. 1979ರಲ್ಲಿ ಅಲೆಕ್ಸಾಂದ್ರೋವ್ ಜೋಡಿಸಿದ 'ಕೇ ವಿವಾ ಮೆಹಿಕೋ' ಈಗ ನೋಡಲು ಸಿಗುತ್ತೆ. ಅದು ಆತನ ಸಿನಿಮಾ ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಪಟ್ಟಿಯ ಹೊರಗಿಟ್ಟಿದ್ದೇನೆ.

ಇನ್ನೊಂದು 'ಬೆಜಿನ್ ಮೆಡೋ'. 1935ರಲ್ಲಿ ಶುರುವಾಯಿತು. ಹಳ್ಳಿಯ ಹುಡುಗನೊಬ್ಬ ತನ್ನ ಅಪ್ಪ ಸರ್ಕಾರಕ್ಕೆ ದ್ರೋಹ ಮಾಡ್ತಿದ್ದಾನೆ ಅಂತ ದೂರು ಕೊಡ್ತಾನೆ. ಅಪ್ಪ ಮಗನನ್ನು ಕೊಲ್ಲುತ್ತಾನೆ. ಆ ಕಾಲದಲ್ಲಿ ಶಾಲಾ ಮಕ್ಕಳಿಗೆ ಆದರ್ಶ ಅಂತ ಹೇಳಿಕೊಡ್ತಿದ್ದ ಪಾವ್ಲಿಕ್ ಮೊರೋಜೋವ್ ಕಥೆಯ ಇನ್ನೊಂದು ರೂಪ. ಅಂತರ್ಯುದ್ಧದಲ್ಲಿ ಅಪ್ಪನ ಎದುರು ಬಣದಲ್ಲಿ ನಿಂತಿದ್ದ ಮಗನ ಕೈಗೆ ಈ ಕಥೆ ಬಂತು. ಆತ ಅದನ್ನು ಪೋಸ್ಟರ್‌ನ ಹಾಗೆ ತೆಗೆಯಲಿಲ್ಲ. ಅಪ್ಪ ಮಗನನ್ನು ಬಲಿಕೊಡುವ ಪುರಾಣದ ಹಾಗೆ ತೆಗೆದ. ಮೇಲಿನವರಿಗೆ ಸರಿಬರಲಿಲ್ಲ. ಲೇಖಕ ಐಸಾಕ್ ಬಾಬೆಲ್ ಸೇರಿಕೊಂಡು ಕಥೆ ತಿದ್ದಿದ, ಮತ್ತೆ ಶೂಟ್ ಮಾಡಿದರು. 1937ರ ಮಾರ್ಚಿಯಲ್ಲಿ ಸಿನಿಮಾ ಇಲಾಖೆಯ ಮುಖ್ಯಸ್ಥ ಶುಮ್ಯಾತ್ಸ್ಕಿ ಪೂರ್ತಿ ನಿಲ್ಲಿಸಿದ. ಐಸೆನ್‌ಸ್ಟೈನ್ ತನ್ನ ತಪ್ಪುಗಳನ್ನು ಪಟ್ಟಿ ಮಾಡಿ ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಯಿತು. ಚಿತ್ರದ ಪ್ರತಿ ನಾಶವಾಯಿತು. ಪ್ರತಿ ಶಾಟ್‌ನಿಂದ ಕತ್ತರಿಸಿ ಎತ್ತಿಟ್ಟಿದ್ದ ಒಂದೊಂದು ಫ್ರೇಮ್ ಮಾತ್ರ ಉಳಿದಿತ್ತು. 1960ರ ದಶಕದಲ್ಲಿ ಅವನ್ನೇ ಸ್ಥಿರಚಿತ್ರಗಳಾಗಿ ಜೋಡಿಸಿ ಸುಮಾರು ಅರ್ಧ ಗಂಟೆಯ ರೂಪ ಕೊಟ್ಟಿದ್ದಾರೆ.

ಆಮೇಲೆ ಆದದ್ದು ನೋಡಿ. ನಿಲ್ಲಿಸಿದ ಶುಮ್ಯಾತ್ಸ್ಕಿಯನ್ನು 1938ರಲ್ಲಿ ಗುಂಡಿಕ್ಕಿ ಕೊಂದರು. ಕಥೆ ತಿದ್ದಿದ ಬಾಬೆಲ್‌ನನ್ನು 1940ರ ಜನವರಿಯಲ್ಲಿ ಕೊಂದರು. ಗುರು ಮೆಯರ್‌ಹೋಲ್ಡ್‌ನನ್ನು ಅದೇ ವರ್ಷ ಫೆಬ್ರವರಿಯಲ್ಲಿ ಕೊಂದರು. ಮೆಯರ್‌ಹೋಲ್ಡ್ ಬಂಧನದ ನಂತರ ಆತನ ಕಾಗದಪತ್ರಗಳನ್ನೆಲ್ಲ ಬಚ್ಚಿಡೋಕೆ ಒಂದು ಜಾಗ ಬೇಕಿತ್ತು. ಸಿಕ್ಕಿಬಿದ್ದರೆ ಇಟ್ಟುಕೊಂಡವನ ಕಥೆಯೂ ಮುಗಿದಂತೆ. ಆ ಕಾಗದಗಳನ್ನು ತನ್ನ ಹಳ್ಳಿಮನೆಯಲ್ಲಿ ಇಟ್ಟು ಕಾಪಾಡಿದವನು ಐಸೆನ್‌ಸ್ಟೈನ್. ಸಭೆಯಲ್ಲಿ ತಲೆತಗ್ಗಿಸಿ ತಪ್ಪೊಪ್ಪಿಕೊಂಡ ಮನುಷ್ಯನೇ ಇದನ್ನೂ ಮಾಡಿದ. ಆತ ಹೇಡಿನಾ, ಧೈರ್ಯವಂತನಾ ಅಂತ ಕೇಳೋರಿಗೆ ಎರಡಕ್ಕೂ ಸಾಕ್ಷಿ ಸಿಗುತ್ತೆ.

ಅಲೆಕ್ಸಾಂಡರ್ ನೆವ್ಸ್ಕಿ (1938): 5

ಈ ಸಾವುಗಳ ನಡುವೆಯೇ ಆತನಿಗೆ ಇನ್ನೊಂದು ಅವಕಾಶ ಕೊಟ್ಟರು. 1242ರಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಜರ್ಮನ್ ನೈಟ್‌ಗಳನ್ನು ಸೋಲಿಸಿದ ರಾಜಕುಮಾರನ ಕಥೆ. ಹಿಟ್ಲರ್ ಬಲಿಯುತ್ತಿದ್ದ ಹೊತ್ತು, ಗುರಿ ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ಹಿಮದ ಯುದ್ಧ ತೆಗೆದಿದ್ದು ಬೇಸಿಗೆಯಲ್ಲಿ, ಮಾಸ್ಕೋದ ಸ್ಟುಡಿಯೋ ಬಯಲಲ್ಲಿ. ಸೀಮೆಸುಣ್ಣ, ಉಪ್ಪು, ವಾಟರ್ ಗ್ಲಾಸ್ ಇಂಥವುಗಳಿಂದ ಮಂಜು ಮಾಡಿದರು. ಬಿಸಿಲಲ್ಲಿ ಉಕ್ಕಿನ ಕವಚ ಹಾಕಿದ ನಟರು ಬೆವರುತ್ತಿದ್ದರೂ ತೆರೆ ಮೇಲೆ ನಮಗೆ ಚಳಿಯಾಗುತ್ತೆ. ಸಂಗೀತ ಪ್ರೊಕೋಫಿಯೆವ್‌ನದು. ಕೆಲವು ಕಡೆ ಚಿತ್ರ ನೋಡಿ ಸಂಗೀತ ಬರೆದ, ಕೆಲವು ಕಡೆ ಸಂಗೀತಕ್ಕೆ ತಕ್ಕ ಹಾಗೆ ಐಸೆನ್‌ಸ್ಟೈನ್ ಚಿತ್ರ ಕತ್ತರಿಸಿದ. ಇವತ್ತಿನ ಯಾವ ದೊಡ್ಡ ಯುದ್ಧದ ಸಿನಿಮಾ ನೋಡಿದರೂ ಇದರ ನೆರಳು ಕಾಣುತ್ತೆ.

ಆರ್ಡರ್ ಆಫ್ ಲೆನಿನ್ ಪದಕ ಬಂತು. 1939ರ ಆಗಸ್ಟ್‌ನಲ್ಲಿ ಸ್ಟಾಲಿನ್ ಹಿಟ್ಲರ್ ಒಪ್ಪಂದ ಮಾಡಿಕೊಂಡರು. ಜರ್ಮನ್ನರನ್ನು ಬೈಯೋ ಸಿನಿಮಾವನ್ನು ಥಿಯೇಟರ್‌ಗಳಿಂದ ತೆಗೆದರು. 1941ರ ಜೂನ್‌ನಲ್ಲಿ ಹಿಟ್ಲರ್ ದಾಳಿ ಮಾಡಿದ, ಸಿನಿಮಾ ಮತ್ತೆ ಬಂತು. ಒಂದು ಫ್ರೇಮ್ ಕೂಡ ಬದಲಾಗಿರಲಿಲ್ಲ. ಮನುಷ್ಯರು ಪೋಸ್ಟರ್‌ನಷ್ಟೇ ಆಳ ಇರೋದರಿಂದ ಐದನೇ ಸ್ಥಾನ.

ಇವಾನ್ ದ ಟೆರಿಬಲ್, ಭಾಗ 1 (1945): 4, ಭಾಗ 2: 1

1941ರಲ್ಲಿ ಮೇಲಿನಿಂದ ಬಂದ ಕೆಲಸ: 16ನೇ ಶತಮಾನದ ರಷ್ಯಾದ ದೊರೆ ನಾಲ್ಕನೇ ಇವಾನ್ ಬಗ್ಗೆ ಸಿನಿಮಾ. ಸ್ಟಾಲಿನ್‌ಗೆ ಆ ದೊರೆ ಅಂದರೆ ಅಭಿಮಾನ. ದೇಶ ಒಂದುಗೂಡಿಸಿದ, ಶತ್ರುಗಳನ್ನು ಮುಲಾಜಿಲ್ಲದೆ ತುಳಿದ ಅಂತ. ಅಂದರೆ ಕನ್ನಡಿ ಬೇಕು ಅಂತ ಕೇಳಿದ್ದ, ಅಂದವಾಗಿ ಕಾಣೋ ಕನ್ನಡಿ.

ಯುದ್ಧದ ಕಾರಣ ಸ್ಟುಡಿಯೋ ಮಾಸ್ಕೋದಿಂದ ಕಝಾಕಿಸ್ತಾನದ ಅಲ್ಮಾ-ಅತಾಗೆ ಸಾಗಿತ್ತು. ಹಗಲು ಕರೆಂಟ್ ಎಲ್ಲ ಯುದ್ಧದ ಕಾರ್ಖಾನೆಗಳಿಗೆ. ಹಾಗಾಗಿ ರಾತ್ರಿ ಶೂಟಿಂಗ್. ಚೆರ್ಕಾಸೋವ್ ಇವಾನ್ ಆದ. ಗೋಡೆ ತುಂಬ ದೊರೆಯ ನೆರಳು, ಬಗ್ಗಿ ಬಗ್ಗಿ ದಾಟಬೇಕಾದ ಬಾಗಿಲು, ಮೇಲಿಂದ ನೋಡೋ ದೊಡ್ಡ ಕಣ್ಣುಗಳ ಚಿತ್ರ. ಯುವಕನಾಗಿದ್ದಾಗ ಓಡೋಡುತ್ತಿದ್ದ ಶಾಟ್‌ಗಳು ಇಲ್ಲಿ ನಿಧಾನ ಆಗಿವೆ. ಡಿಕ್ಕಿ ಈಗ ಒಂದೇ ಫ್ರೇಮಿನ ಒಳಗೆ, ಮುಖಕ್ಕೂ ನೆರಳಿಗೂ ನಡುವೆ.

ಮೊದಲ ಭಾಗ ಸ್ಟಾಲಿನ್‌ಗೆ ಇಷ್ಟವಾಯಿತು. 1946ರ ಜನವರಿಯಲ್ಲಿ ಸ್ಟಾಲಿನ್ ಪ್ರಶಸ್ತಿ. ಫೆಬ್ರವರಿ 2ರಂದು, ಪ್ರಶಸ್ತಿ ಗೆದ್ದವರ ಪಾರ್ಟಿಯಲ್ಲಿ ಇದ್ದಾಗಲೇ ಐಸೆನ್‌ಸ್ಟೈನ್‌ಗೆ ಹೃದಯಾಘಾತ ಆಯಿತು. ಎರಡನೇ ಭಾಗದ ಎಡಿಟಿಂಗ್ ಆಗಷ್ಟೇ ಮುಗಿದಿತ್ತು.

ಎರಡನೇ ಭಾಗದಲ್ಲಿ ದೊರೆ ಗೆದ್ದಿದ್ದಾನೆ, ಆದರೆ ಒಂಟಿ. ಬಾಲ್ಯದಲ್ಲಿ ತಾಯಿಗೆ ವಿಷ ಹಾಕಿದವರನ್ನು ಮರೆತಿಲ್ಲ. ಸುತ್ತ ಕಪ್ಪು ಬಟ್ಟೆಯ ಖಾಸಗಿ ಪಡೆ, ಒಪ್ರಿಚ್ನಿಕಿ. ಚಿಕ್ಕಮ್ಮ ತನ್ನ ಪೆದ್ದ ಮಗ ವ್ಲಾದಿಮಿರ್‌ನನ್ನು ಸಿಂಹಾಸನಕ್ಕೆ ಕೂರಿಸಲು ಇವಾನನ ಕೊಲೆಗೆ ಸಂಚು ಮಾಡ್ತಾಳೆ. ಇವಾನ್‌ಗೆ ಸುಳಿವು ಸಿಗುತ್ತೆ. ಔತಣ, ಕುಡಿತ, ಕುಣಿತ. ಅಲ್ಲಿವರೆಗೆ ಕಪ್ಪುಬಿಳುಪು ಇದ್ದ ಸಿನಿಮಾ ಇಲ್ಲಿ ಬಣ್ಣಕ್ಕೆ ತಿರುಗುತ್ತೆ, ಜರ್ಮನ್ನರಿಂದ ವಶಪಡಿಸಿಕೊಂಡ ಕಲರ್ ಫಿಲ್ಮ್‌ನಲ್ಲಿ. ಕೆಂಪು, ಹೊಂಬಣ್ಣ, ಕಪ್ಪು. ತಮಾಷೆ ಮಾಡ್ತಾ ಇವಾನ್ ತನ್ನ ಕಿರೀಟ, ನಿಲುವಂಗಿ ಆ ಪೆದ್ದನಿಗೆ ತೊಡಿಸಿ ಮುಂದೆ ನಡೆಯೋಕೆ ಹೇಳ್ತಾನೆ. ಚರ್ಚಿನ ಕತ್ತಲಲ್ಲಿ ಕಾದಿದ್ದ ಕೊಲೆಗಾರ ಬೆನ್ನು ನೋಡಿ ಇರೀತಾನೆ. ತಾಯಿ ಗೆದ್ದೆ ಅಂತ ಓಡಿಬಂದು ನೋಡಿದರೆ ಬಿದ್ದಿರೋದು ತನ್ನ ಮಗ.

ಕನ್ನಡಿ ಕೇಳಿದವನಿಗೆ ಸಿಕ್ಕ ಪ್ರತಿಬಿಂಬ ಇದು. ಅನುಮಾನ, ಗುಪ್ತ ಪಡೆ, ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಇಲ್ಲವಾಗೋದು. ಬಾಬೆಲ್, ಮೆಯರ್‌ಹೋಲ್ಡ್ ಸತ್ತು ಆರು ವರ್ಷ ಆಗಿತ್ತು ಅಷ್ಟೇ. ಇದನ್ನು ತೆಗೆದವನಿಗೆ ತಾನು ಏನು ತೆಗೀತಿದ್ದೀನಿ ಅಂತ ಗೊತ್ತಿರಲಿಲ್ಲ ಅಂತ ನನಗೆ ನಂಬೋಕಾಗಲ್ಲ.

ಸ್ಟಾಲಿನ್ ಸಿಟ್ಟಾದ. 1946ರ ಸೆಪ್ಟೆಂಬರ್‌ನಲ್ಲಿ ಪಕ್ಷದ ನಿರ್ಣಯ ಬಂತು: ದೊರೆಯನ್ನು ಹ್ಯಾಮ್ಲೆಟ್‌ನ ಹಾಗೆ ಮನಸ್ಸು ಗಟ್ಟಿ ಇಲ್ಲದವನನ್ನಾಗಿ, ಆತನ ಪಡೆಯನ್ನು ಅಮೆರಿಕದ ಕು ಕ್ಲಕ್ಸ್ ಕ್ಲಾನ್ ಹಾಗೆ ತೋರಿಸಿದ್ದಾನೆ ಅಂತ. 1947ರ ಫೆಬ್ರವರಿ 25ರ ರಾತ್ರಿ ಐಸೆನ್‌ಸ್ಟೈನ್, ಚೆರ್ಕಾಸೋವ್ ಇಬ್ಬರನ್ನೂ ಕ್ರೆಮ್ಲಿನ್‌ಗೆ ಕರೆಸಿದರು. ಸ್ಟಾಲಿನ್, ಮೊಲೊತೊವ್, ಝ್ದಾನೊವ್ ಎದುರಿಗೆ. ಇವಾನನ ಗಡ್ಡ ಉದ್ದ ಆಯಿತು ಅನ್ನೋದರಿಂದ ಹಿಡಿದು, ದೊರೆ ಯಾಕೆ ಕ್ರೂರಿ ಆಗಲೇಬೇಕಿತ್ತು ಅನ್ನೋದನ್ನು ತೋರಿಸಿಲ್ಲ ಅನ್ನೋವರೆಗೆ ವಿಮರ್ಶೆ ನಡೆಯಿತು. ಕೊನೆಗೆ ತಿದ್ದಿ ಮಾಡಲು ಅನುಮತಿ ಸಿಕ್ಕಿತು. ಆ ಕಾಲದಲ್ಲಿ ಅದೇ ದೊಡ್ಡ ಕರುಣೆ.

ಆತ ತಿದ್ದಲಿಲ್ಲ. ಅದಕ್ಕೆ ಹೃದಯದ ಕಾಯಿಲೆಯೂ ಕಾರಣ ಇರಬಹುದು. ವಿದ್ಯಾರ್ಥಿಗಳಿಗೆ ಪಾಠ ಮಾಡಿದ, ನೆನಪುಗಳನ್ನು ಬರೆದ, ಸಿನಿಮಾದಲ್ಲಿ ಬಣ್ಣದ ಬಗ್ಗೆ ಬರೀತಾ ಕೂತ. 1948ರ ಫೆಬ್ರವರಿ 11ರಂದು, ಐವತ್ತು ತುಂಬಿ ಮೂರು ವಾರ ಆಗಿತ್ತು, ಮಾಸ್ಕೋದ ತನ್ನ ಮನೆಯಲ್ಲಿ ಬರೆಯುತ್ತಿದ್ದ ಹಾಗೇ ತೀರಿಕೊಂಡ. ಮೂರನೇ ಭಾಗಕ್ಕೆ ತೆಗೆದಿದ್ದ ದೃಶ್ಯಗಳಲ್ಲಿ ಬಹುಪಾಲು ನಾಶವಾಗಿದ್ದವು. ಎರಡನೇ ಭಾಗವನ್ನು ಜನ ನೋಡಿದ್ದು ಸ್ಟಾಲಿನ್ ಸತ್ತು ಐದು ವರ್ಷ ಆದ ಮೇಲೆ.

ಪಟ್ಟಿ

1. ಇವಾನ್ ದ ಟೆರಿಬಲ್, ಭಾಗ 2
2. ಬ್ಯಾಟಲ್‌ಶಿಪ್ ಪೊಟೆಮ್ಕಿನ್
3. ಸ್ಟ್ರೈಕ್
4. ಇವಾನ್ ದ ಟೆರಿಬಲ್, ಭಾಗ 1
5. ಅಲೆಕ್ಸಾಂಡರ್ ನೆವ್ಸ್ಕಿ
6. ಅಕ್ಟೋಬರ್
7. ಓಲ್ಡ್ ಅಂಡ್ ನ್ಯೂ

ಬ್ರಸೆಲ್ಸ್‌ನ ಪಂಡಿತರಿಗೂ ನನಗೂ ಒಂದನೇ ಸ್ಥಾನದಲ್ಲಿ ಜಗಳ ಇದೆ. ಪೊಟೆಮ್ಕಿನ್ ಮಾಡುವಾಗ ಆತ ಗೆದ್ದವರ ಪಕ್ಷದಲ್ಲಿದ್ದ, ಸತ್ತ ದೊರೆಯ ಸೈನಿಕರನ್ನು ಬೈಯೋದಕ್ಕೆ ಪದಕ ಸಿಗ್ತಿತ್ತು. ಇವಾನ್ ಎರಡನೇ ಭಾಗ ಮಾಡುವಾಗ ಬದುಕಿರೋ ದೊರೆಗೆ ಆತನದೇ ಮುಖ ತೋರಿಸಿದ, ಅದೂ ಆ ದೊರೆಯ ದುಡ್ಡಲ್ಲೇ. ಮೊದಲನೆಯದಕ್ಕೆ ಪ್ರತಿಭೆ ಸಾಕಾಗಿತ್ತು.

ಎಲ್ಲ ಸಿನಿಮಾನೂ ಇಂಗ್ಲಿಷ್ ಸಬ್‌ಟೈಟಲ್ ಜೊತೆ ಇಂಟರ್ನೆಟ್‌ನಲ್ಲಿ ಸಿಗುತ್ತೆ. ಹೊಸಬರು ಪೊಟೆಮ್ಕಿನ್‌ನಿಂದ ಶುರು ಮಾಡಿ, ಬರೀ ಒಂದೂಕಾಲು ಗಂಟೆ, ಒಂದು ಇಂಟರ್ನಲ್ಸ್ ಮುಗಿದ ಸಂಜೆ ಸಾಕು. ಇವಾನ್‌ನ ಎರಡೂ ಭಾಗ ಒಟ್ಟಿಗೆ ನೋಡಿ, ಮೊದಲ ಭಾಗ ಬಿಟ್ಟು ನೇರ ಎರಡಕ್ಕೆ ಹೋದರೆ ಚಿಕ್ಕಮ್ಮ ಯಾರು ಅಂತ ಹುಡುಕೋದರಲ್ಲೇ ಅರ್ಧ ಸಿನಿಮಾ ಮುಗಿಯುತ್ತೆ. ನೋಡಿದ ಮೇಲೆ ನಿಮ್ಮ ಪಟ್ಟಿ ಬೇರೆ ಇದ್ದರೆ ಕಾರಣ ಸಮೇತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಗಳ ಮುಂದುವರಿಸೋಣ.